ಅಜ್ಜನ ಮನೆ ಗೋಡೆಯ ಗುಡಿ ಚಿತ್ರ: ಇದು ಸನ್ನತಿಯಾ? ಆ ಇಂಗ್ಲಿಷ್ ಚಿತ್ರಕಾರರು ನಮ್ಮ ಕಡೆ ಬಂದಿದ್ದರಾ?

ಭೀಮಾತೀರ:
ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಚಿತ್ತಾಪುರ ಕಡೆ ನಮ್ಮ ಅಜ್ಜನ ಮನೆ ಇದೆ. ಪಡಸಾಲೆ ಗೋಡೆ ಮೇಲೆ ಗಾಜು ಹಾಕಿದ ಒಂದು ಸಣ್ಣ ಚಿತ್ರ. ಎತ್ತರದ ಗುಡಿ, ಮುಂದೆ ನೀರು, ಎಡಕ್ಕೆ ಬಾಗಿದ ಒಂದು ಮರ, ದಂಡೆಯಲ್ಲಿ ಇರುವೆಯಷ್ಟು ನಾಲ್ಕೈದು ಜನ. ಅಜ್ಜ ಕೋರ್ಟ್ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡು ತಂದದ್ದಂತೆ. ಮನೆಯವರೆಲ್ಲ ಅದನ್ನು ಸನ್ನತಿ ಚಂದ್ರಲಾಂಬೆಯ ಗುಡಿ, ಮುಂದಿರುವುದು ಭೀಮಾ ನದಿ ಅಂತಲೇ ನಂಬಿದ್ದೇವೆ. ಅವ್ವ ದಿನಾ ಬೆಳಿಗ್ಗೆ ದೇವರ ಜಗಲಿ ಪೂಜೆ ಮುಗಿಸಿ ಆ ಗಾಜಿಗೂ ಒಂದು ಬೊಟ್ಟು ಕುಂಕುಮ ಹಚ್ಚುತ್ತಾಳೆ.

ಹೋದ ವಾರ ಅಕ್ಕನ ಮಗ ಬಂದವನು "ಮಾಮಾ, ಇದು ಸನ್ನತಿ ಅಲ್ಲ, ಯಾರೋ ಬ್ರಿಟಿಷ್ ಆರ್ಟಿಸ್ಟ್ ಬರೆದದ್ದು" ಅಂದುಬಿಟ್ಟ. ಅವ್ವ ಅವನ ಜೊತೆ ಮಾತು ಬಿಟ್ಟಿದ್ದಾಳೆ. ಗೊತ್ತಿದ್ದವರು ಹೇಳಿ. ಆ ಕಾಲದ ಚಿತ್ರಕಾರರು ಕಲಬುರಗಿ, ಬೀದರ್, ಯಾದಗಿರಿ ಕಡೆ ಬಂದಿದ್ದರಾ? ಮತ್ತೆ ಇವರು ಬರೆದ ಗುಡಿಗಳೆಲ್ಲ ಯಾಕೆ ಕನಸಿನಲ್ಲಿ ಕಂಡ ಹಾಗೆ ಇರುತ್ತವೆ?

ಶಹಾಬಾದ್ ಕಲ್ಲು:
ಮೊದಲು ಫೋಟೋ ಹಾಕಿ ಸರ್. ಚಿತ್ರ ನೋಡದೆ ತೀರ್ಪು ಕೊಡುವುದು ಹೇಗೆ?

ಭೀಮಾತೀರ:
ಹಾಕಿದ್ದೇನೆ. ಗಾಜಿನಲ್ಲಿ ನನ್ನದೇ ಮುಖ ಕಾಣುತ್ತಿದೆ, ಕ್ಷಮಿಸಿ.

ಜೋಳದರೊಟ್ಟಿ:
ನಿಮ್ಮ ಮುಖ ಚೆನ್ನಾಗಿ ಬಂದಿದೆ, ಗುಡಿನೇ ಮಸುಕು 😄

ಶಹಾಬಾದ್ ಕಲ್ಲು:
ನೋಡಿದೆ. ನಮ್ಮದು ಮೂರು ತಲೆಮಾರಿನ ಕಲ್ಲಿನ ಕೆಲಸ, ಅದಕ್ಕೇ ಧೈರ್ಯ ಮಾಡಿ ಹೇಳುತ್ತೇನೆ. ಇದು ಸನ್ನತಿ ಅಲ್ಲ. ನಮ್ಮ ಕಡೆಯ ಯಾವ ಹಳೆ ಗುಡಿಯೂ ಅಲ್ಲ. ಬಾಗಿಲ ಮೇಲೆ ಅಷ್ಟು ಎತ್ತರದ, ಅಂತಸ್ತಿನ ಮೇಲೆ ಅಂತಸ್ತು ಏರಿದ ಗೋಪುರ ತಮಿಳು ಸೀಮೆಯದು. ನಮ್ಮ ಚಾಲುಕ್ಯರ ಕಾಲದ ಗುಡಿಗಳು ಕುಳ್ಳಗೆ, ಅಗಲಕ್ಕೆ ಕುಳಿತಿರುತ್ತವೆ. ಚಂದವೆಲ್ಲ ಒಳಗಿನ ಕಂಬದಲ್ಲಿ, ಹೊರಗಿನ ಗೋಡೆಯಲ್ಲಿ. ಕಾಳಗಿಗೆ ಹೋಗಿ ನೋಡಿ, ನಾಗಾವಿಯ ಅರವತ್ತು ಕಂಬದ ಗುಡಿ ನೋಡಿ. ದೂರದಿಂದ ಕಾಣುವುದೇ ಇಲ್ಲ, ಹತ್ತಿರ ಹೋದ ಮೇಲೆ ಬಾಯಿ ಬಿಟ್ಟು ನಿಲ್ಲಬೇಕು.

ಇನ್ನೊಂದು ಮಾತು. ನದಿ ದಂಡೆ ತುಂಬ ತೆಂಗಿನ ಮರ ಇವೆ. ಭೀಮಾ ದಂಡೆಯಲ್ಲಿ ನಾನು ನೋಡಿದ್ದು ಜಾಲಿ ಮತ್ತು ಬೇವು.

ಭೀಮಾತೀರ:
ಅಣ್ಣಾ, ಇದನ್ನು ಅವ್ವನಿಗೆ ಹೇಗೆ ಹೇಳಲಿ?

ಆಳಂದ ಮೇಷ್ಟ್ರು:
ನಿವೃತ್ತ ಇತಿಹಾಸ ಶಿಕ್ಷಕ ನಾನು. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಇಂಗ್ಲೆಂಡಿನಲ್ಲಿ ಚಿತ್ರಕಲೆ ಕಲಿತು, ದೇಶದ ನೋಟಗಳನ್ನು ಬರೆಯುವುದಕ್ಕೆಂದೇ ಇಲ್ಲಿಗೆ ಬಂದು ಸುತ್ತಿದವರಲ್ಲಿ ಮೊದಲ ಹೆಸರು ವಿಲಿಯಂ ಹಾಜಸ್‌ನದು. ಕ್ಯಾಪ್ಟನ್ ಕುಕ್‌ನ ಎರಡನೇ ಸಮುದ್ರಯಾನದಲ್ಲಿ, 1772ರಿಂದ 75ರವರೆಗೆ, ಹಡಗಿನ ಚಿತ್ರಕಾರನಾಗಿದ್ದವನು. 1780ರಲ್ಲಿ ಮದ್ರಾಸಿಗೆ ಬಂದಿಳಿದ. ಅದೇ ವರ್ಷ ಹೈದರ್ ಅಲಿ ಕರ್ನಾಟಿಕ್ ಮೇಲೆ, ಅಂದರೆ ಮದ್ರಾಸಿನ ಸುತ್ತಲಿನ ಸೀಮೆಯ ಮೇಲೆ, ದಂಡೆತ್ತಿ ಬಂದ. ಹಾಜಸ್ ಮದ್ರಾಸು ಬಿಟ್ಟು ಕದಲುವ ಹಾಗಿರಲಿಲ್ಲ. ದಕ್ಷಿಣದ ಗುಡಿಗಳು ಅವನ ಕೈ ತಪ್ಪಿದವು. ಆಮೇಲೆ ಉತ್ತರಕ್ಕೆ ಹೋಗಿ ಕಂಪನಿಯ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಆಸರೆಯಲ್ಲಿ ಕಾಶಿ ಮೊದಲಾದ ಕಡೆ ಬರೆದ.

ಅವನ ನಂತರ ಬಂದವರು ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ. 1786ರಲ್ಲಿ ಕಲ್ಕತ್ತೆಗೆ ಬಂದಾಗ ವಿಲಿಯಂ ಇನ್ನೂ ಮೀಸೆ ಮೂಡದ ಹುಡುಗ. ಟಿಪ್ಪು ಜೊತೆ 1792ರಲ್ಲಿ ಒಪ್ಪಂದವಾಗಿ ದಾರಿ ತೆರೆದ ಮೇಲೆ ಇಬ್ಬರೂ ಮದ್ರಾಸಿನಿಂದ ಹೊರಟರು. ಪಲ್ಲಕ್ಕಿ, ಕುದುರೆ, ಎತ್ತಿನ ಗಾಡಿ, ಆಳುಕಾಳು ಎಲ್ಲ ಕಟ್ಟಿಕೊಂಡು ಮಧುರೆ, ರಾಮೇಶ್ವರ, ತಂಜಾವೂರು ಸುತ್ತಿದರು. ಊರಿಗೆ ಮರಳಿ 1795ರಿಂದ 1808ರವರೆಗೆ ಕಂತು ಕಂತಾಗಿ 144 ಚಿತ್ರ ಅಚ್ಚು ಹಾಕಿಸಿದರು. ನಮ್ಮ ಶಾಲೆ ಪುಸ್ತಕದಲ್ಲಿ, ಹೋಟೆಲ್ ಗೋಡೆಯಲ್ಲಿ ಕಾಣುವ ಈ ನಮೂನೆಯ ಗುಡಿ ಚಿತ್ರಗಳಲ್ಲಿ ಜಾಸ್ತಿ ಪಾಲು ಇವರದೇ ಅಥವಾ ಇವರನ್ನು ನೋಡಿ ಬರೆದವರದು.

ನಮ್ಮ ಮೂರು ಜಿಲ್ಲೆ ಆಗ ನಿಜಾಮನ ಸೀಮೆಯಲ್ಲಿ. ಕಂಪನಿ ಸೈನ್ಯ ಎಲ್ಲಿ ಹೋಯಿತೋ ಅದರ ಹಿಂದೆ ಚಿತ್ರಕಾರ ಹೋದ. ಮೈಸೂರು ಯುದ್ಧದ ಜೊತೆ ರಾಬರ್ಟ್ ಹೋಮ್ ಬಂದ, ಅದಕ್ಕೇ ಬೆಂಗಳೂರು, ಶ್ರೀರಂಗಪಟ್ಟಣದ ಚಿತ್ರಗಳು ಸಿಗುತ್ತವೆ. ನಮ್ಮ ಕಡೆ ಅಂಥ ಮೆರವಣಿಗೆ ಬರಲಿಲ್ಲ.

ಬಿದ್ರಿ ಹೂಜಿ:
ಮೇಷ್ಟ್ರೇ, ಇದೇ ನನ್ನ ಹೊಟ್ಟೆಯುರಿ. ನಾನು ಹುಮನಾಬಾದ್ ಕಡೆಯವಳು. ಜಲಸಂಗಿ ಗುಡಿ ನಮ್ಮೂರಿಂದ ಸ್ವಲ್ಪ ದೂರ. ಹೊರಗೋಡೆಯಲ್ಲಿ ಒಬ್ಬಳು ಹೆಣ್ಣು ಬೆನ್ನು ತಿರುಗಿಸಿ ನಿಂತು ಆರನೇ ವಿಕ್ರಮಾದಿತ್ಯನನ್ನು ಹೊಗಳುವ ಶಾಸನ ಬರೆಯುತ್ತಿದ್ದಾಳೆ. ಕಲ್ಲಿನ ಹೆಣ್ಣು, ಕಲ್ಲಿನ ಹಲಗೆ, ಅದರ ಮೇಲೆ ನಿಜವಾದ ಅಕ್ಷರ! ಆ ಡೇನಿಯಲ್ ಚಿಕ್ಕಪ್ಪ ಇದನ್ನು ನೋಡಿದ್ದರೆ ಮಧುರೆಗೆ ಹೋಗುತ್ತಿದ್ದನಾ?

ಒಂದು ಸೈನ್ಯ ನಮ್ಮ ಕಡೆ ಬರಲಿಲ್ಲ ಅಂತ ಇಡೀ ಜಗತ್ತಿಗೆ ನಮ್ಮ ಗುಡಿ ಗೊತ್ತಾಗಲಿಲ್ಲ. ಇವತ್ತಿಗೂ ಪ್ರವಾಸಿಗಳು ಹಂಪಿ, ಬಾದಾಮಿ ನೋಡಿ ವಾಪಸ್.

ಜೋಳದರೊಟ್ಟಿ:
ಅಕ್ಕಾ, ಸೈನ್ಯ ಬರಲಿಲ್ಲ ಅಂತ ಬೇಜಾರಾಗುವವರನ್ನು ಇದೇ ಮೊದಲು ನೋಡುತ್ತಿರುವುದು.

ಬಿದ್ರಿ ಹೂಜಿ:
ಮಾತು ತಿರುಚಬೇಡ ತಮ್ಮಾ.

ಸುರಪುರದವ:
ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ. ಯಾರೂ ಬರಲಿಲ್ಲ ಅನ್ನಬೇಡಿ. ನಮ್ಮ ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇವತ್ತಿಗೂ ನಿಂತಿದೆ. ಫಿಲಿಪ್ ಮೆಡೋಸ್ ಟೇಲರ್ 1840ರ ದಶಕದಲ್ಲಿ ಇಲ್ಲಿಗೆ ಬಂದು, ರಾಜಾ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು. ಅವನು ಬರೀ ಅಧಿಕಾರಿಯಲ್ಲ, ಕೈಯಲ್ಲಿ ಪೆನ್ಸಿಲ್ ಹಿಡಿದವನು. ಸುರಪುರಕ್ಕೆ ಬರುವ ಮೊದಲೇ, 1837ರಲ್ಲಿ, ದಖನ್ನಿನ ಅವನ ಚಿತ್ರಗಳು ಲಂಡನ್ನಿನಲ್ಲಿ ಕಲ್ಲಚ್ಚಾಗಿ ಬಂದಿದ್ದವು. ಆಮೇಲೆ ರಾಜನಕೋಳೂರು, ಜೇವರ್ಗಿ ಕಡೆಯ ಹಳೆ ಕಲ್ಲುಗೋರಿಗಳನ್ನು ಅಗೆದು, ಅಳತೆ ತೆಗೆದು, ನಕ್ಷೆ ಬರೆದ. ಗುಡಿಯ ಸುಂದರ ನೋಟ ಬರೆಯುವವರೇ ಜಾಸ್ತಿ ಇದ್ದ ಕಾಲದಲ್ಲಿ ಹೊಲದಲ್ಲಿ ಬಿದ್ದ ಚಪ್ಪಡಿ ಕಲ್ಲುಗಳ ಹಿಂದೆ ಬಿದ್ದವನು ಈತ.

ಕರಿಕೋಟು:
ಟೇಲರ್ ಭಕ್ತರು ಬಂದರು ನೋಡಿ. ಅದೇ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಹೈದರಾಬಾದಿನಲ್ಲಿ ಸೆರೆ ಸಿಕ್ಕಿದ. ಕೊನೆಗೆ ಗುಂಡೇಟಿನಿಂದ ಸತ್ತ. 1858. ಸಂಸ್ಥಾನವೇ ಹೋಯಿತು. ಪೆನ್ಸಿಲ್ ಹಿಡಿದವನು ಯಾರ ನೌಕರ ಅಂತ ಮೊದಲು ನೋಡಬೇಕು.

ಹಾಜಸ್‌ಗೆ ದುಡ್ಡು ಕೊಟ್ಟದ್ದು ಹೇಸ್ಟಿಂಗ್ಸ್. ಹೋಮ್ ಬಂದದ್ದು ಕಾರ್ನ್‌ವಾಲಿಸ್ ಸೈನ್ಯದ ಜೊತೆ. ಕಾಲಿನ್ ಮೆಕೆಂಜಿ ಸರ್ವೆ ಅಧಿಕಾರಿ, 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಆದವನು. ಚಿತ್ರ, ನಕ್ಷೆ, ತೆರಿಗೆ ಎಲ್ಲ ಒಂದೇ ಚೀಲದಲ್ಲಿದ್ದವು. ಗುಡಿ ಪಾಳು ಬಿದ್ದ ಹಾಗೆ, ಜನ ಸೋಮಾರಿಗಳ ಹಾಗೆ ಬರೆದು ತೋರಿಸಿದರೆ "ಇವರಿಗೆ ನಾವೇ ಗತಿ" ಅಂತ ಲಂಡನ್ನಿನವರಿಗೆ ಅನಿಸಲಿ ಅಂತ.

ಸುರಪುರದವ:
1858ರ ಸಂಕಟ ನಮ್ಮೂರಿನದು ಸರ್, ನಿಮ್ಮಿಂದ ಕಲಿಯಬೇಕಾಗಿಲ್ಲ. ವೆಂಕಟಪ್ಪ ನಾಯಕ ಟೇಲರನನ್ನು "ಅಪ್ಪ" ಅಂತ ಕರೆಯುತ್ತಿದ್ದ. ಸೆರೆಯಲ್ಲಿದ್ದಾಗಲೂ ಟೇಲರ್ ಹೋಗಿ ಭೇಟಿಯಾದ. ಅಷ್ಟು ಸಿಕ್ಕು ಸಂಬಂಧವನ್ನು ಎರಡು ಸಾಲಿನಲ್ಲಿ ಮುಗಿಸಬೇಡಿ ಅಂತ ಅಷ್ಟೇ.

ಆಳಂದ ಮೇಷ್ಟ್ರು:
ಕರಿಕೋಟು ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ಪಾಳು ಗುಡಿ ಬರೆಯುವ ಚಟ ಅವರಿಗೆ ಭಾರತಕ್ಕೆ ಬಂದು ಹತ್ತಿದ್ದಲ್ಲ. ತಮ್ಮ ಊರಿನ ಹಾಳು ಚರ್ಚು, ಮುರಿದ ಕೋಟೆಗಳನ್ನೂ ಹಾಗೇ ಬರೆಯುತ್ತಿದ್ದರು. ಒಂದು ಕಡೆ ಕಪ್ಪು ಮರ, ನಡುವೆ ನೀರು, ಹಿಂದೆ ಬೆಳಕು ಬಿದ್ದ ಕಟ್ಟಡ, ಮುಂದೆ ಗೊಲ್ಲನೋ ದನವೋ. ಆ ಕಾಲದ ರುಚಿಯೇ ಅದು. ಭೀಮಾತೀರ ಅವರೇ, ಕನಸಿನ ಹಾಗೆ ಯಾಕೆ ಅಂತ ಕೇಳಿದಿರಲ್ಲ, ಉತ್ತರ ಇಲ್ಲಿದೆ. ಅಚ್ಚು ಮೊದಲೇ ಸಿದ್ಧ, ಗುಡಿ ಮಾತ್ರ ನಮ್ಮದು.

ಇವರಿಗಿಂತ ಹಿಂದಿನವರನ್ನು ನೋಡಿದರೆ ಇವರೇ ದೇವರು ಅನಿಸುತ್ತಾರೆ. 1515ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಅಚ್ಚಾದ, ಇಟಲಿಯ ಪ್ರವಾಸಿ ವರ್ತೇಮನ ಪ್ರವಾಸ ಪುಸ್ತಕಕ್ಕೆ ಯೋರ್ಗ್ ಬ್ರಾಯ್ ಎಂಬವನು ಚಿತ್ರ ಬರೆದ. ಅದರಲ್ಲಿ ಕಲ್ಲಿಕೋಟೆಯ ದೇವರು ಕಿರೀಟ ಇಟ್ಟ ಸೈತಾನ, ಮನುಷ್ಯರನ್ನು ತಿನ್ನುತ್ತಿದೆ. ಬ್ರಾಯ್ ನಮ್ಮ ಗುಡಿ ನೋಡಿ ಬರೆದದ್ದಲ್ಲ, ವರ್ತೇಮ ಬರೆದ ವರ್ಣನೆ ಓದಿ ಬರೆದದ್ದು. ಹಾಜಸ್ ಹಾಗಲ್ಲ. ಗ್ರೀಕರ ಅಳತೆಗೋಲು ಹಿಡಿದು ಬೇರೆ ದೇಶದ ಕಟ್ಟಡವನ್ನು ಕೀಳು ಅನ್ನಬೇಡಿ ಅಂತ ಆ ಕಾಲದಲ್ಲೇ ಬರೆದವನು. ದೊಡ್ಡ ಮಾತು ಅದು.

ಕರಿಕೋಟು:
ಆಯ್ತು, ಹಾಜಸ್‌ಗೆ ಜಾಮೀನು ಕೊಟ್ಟೆ. ಉಳಿದವರ ವಿಚಾರಣೆ ಮುಂದುವರಿಯಲಿ.

ಪ್ರೆಸ್ಸಿನ ಪರಪ್ಪ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಮೊದಲು ಮೊಳೆ ಜೋಡಿಸುವ ಪ್ರೆಸ್ಸು, ಆಮೇಲೆ ಆಫ್‌ಸೆಟ್, ಒಟ್ಟು ನಲವತ್ತು ವರ್ಷ ಮಸಿಯಲ್ಲೇ ಕಳೆದವನು ನಾನು. ಭೀಮಾತೀರ ಅವರೇ, ಚಿತ್ರದ ಅಳತೆ ಎಷ್ಟು? ಭೂತಗನ್ನಡಿ ಹಿಡಿದು ಆಕಾಶದ ಭಾಗ ನೋಡಿ. ಗೆರೆ ಕಾಣುತ್ತವಾ, ಮರಳಿನ ಹಾಗೆ ಕಾಳು ಕಾಳು ಕಾಣುತ್ತದಾ?

ಭೀಮಾತೀರ:
ಅಳತೆ ಒಂದು ಅಂಗೈ ಅಷ್ಟು, ಪೋಸ್ಟ್‌ಕಾರ್ಡಿಗಿಂತ ಸ್ವಲ್ಪ ದೊಡ್ಡದು. ಅಕ್ಕನ ಮಗನ ಮೊಬೈಲ್‌ನಲ್ಲಿ ಜೂಮ್ ಮಾಡಿ ನೋಡಿದೆವು. ಆಕಾಶದ ತುಂಬ ಕೂದಲಿನಂಥ ಗೆರೆಗಳು, ಬಾಚಿದ ಹಾಗೆ ಒಂದರ ಪಕ್ಕ ಒಂದು.

ಪ್ರೆಸ್ಸಿನ ಪರಪ್ಪ:
ಹಾಗಾದರೆ ಇದು ಆ 144ರಲ್ಲಿ ಒಂದಲ್ಲ. ಅವು ಅಕ್ವಾಟಿಂಟ್, ಅಳತೆಯೂ ದೊಡ್ಡದು. ಅದನ್ನು ಮಾಡುವ ರೀತಿ ಹೇಳುತ್ತೇನೆ. ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕೆಳಗಿಂದ ಕಾಯಿಸಿ ಅಂಟಿಸುತ್ತಾರೆ. ಆಮೇಲೆ ಆಸಿಡ್‌ನಲ್ಲಿ ಅದ್ದುತ್ತಾರೆ. ಕಾಳು ಕೂತ ಜಾಗ ಉಳಿಯುತ್ತದೆ, ಸುತ್ತಲಿನ ತಾಮ್ರವನ್ನು ಆಸಿಡ್ ತಿನ್ನುತ್ತದೆ. ಜಾಸ್ತಿ ಹೊತ್ತು ಅದ್ದಿದಷ್ಟೂ ಕಪ್ಪು ಜಾಸ್ತಿ. ಅಚ್ಚು ಒತ್ತಿದರೆ ನೀರುಬಣ್ಣ ಹಚ್ಚಿದ ಹಾಗೆ ನೆರಳು ಬರುತ್ತದೆ. ಮೇಲೆ ಕೈಯಿಂದ ಬಣ್ಣ ಹಾಕುತ್ತಿದ್ದರು. ಆದರೆ ತಾಮ್ರ ಮೆತ್ತಗೆ, ಬೇಗ ಸವೆಯುತ್ತದೆ.

ನಿಮ್ಮದು ಉಕ್ಕಿನ ತಗಡಿನ ಮೇಲೆ ಗೆರೆ ಕೊರೆದದ್ದು ಅನಿಸುತ್ತದೆ. ಉಕ್ಕು ಗಟ್ಟಿ, ಸಾವಿರಾರು ಪ್ರತಿ ಒತ್ತಬಹುದು, ಅದಕ್ಕೇ ಅಗ್ಗ. 1834ರಿಂದ ಲಂಡನ್ನಿನಲ್ಲಿ ಓರಿಯೆಂಟಲ್ ಆನ್ಯುಯಲ್ ಅಂತ ವರ್ಷಕ್ಕೊಂದು ಉಡುಗೊರೆ ಪುಸ್ತಕ ಬರುತ್ತಿತ್ತು, ಮೊದಲ ಸಂಪುಟಗಳಿಗೆಲ್ಲ ಚಿತ್ರ ಇದೇ ವಿಲಿಯಂ ಡೇನಿಯಲ್‌ನದು. ಅಂಥ ಪುಸ್ತಕದ ಹಾಳೆ ಕಿತ್ತು ಫ್ರೇಮ್ ಹಾಕಿ ಮಾರುವುದು ಹಳೆ ಸಾಮಾನಿನವರ ಹಳೇ ದಂಧೆ. ಪುಸ್ತಕದಲ್ಲಿ ಇವು ಬರೀ ಕಪ್ಪು ಬಿಳುಪು. ಬಣ್ಣ ಆಮೇಲೆ ಯಾರೋ ಹಾಕಿದ್ದು. ಫ್ರೇಮ್ ಬಿಚ್ಚಿ ನೋಡಿ.

ಜೋಳದರೊಟ್ಟಿ:
ಅಂದರೆ ಹುಡುಗನಾಗಿ ಬಂದು ನೋಡಿದ ಗುಡಿಯನ್ನು ನಲವತ್ತು ವರ್ಷ ಆದ ಮೇಲೂ ಅಚ್ಚು ಹಾಕಿಸುತ್ತಿದ್ದ? ಒಂದು ಟ್ರಿಪ್‌ನಲ್ಲಿ ಜೀವನಪೂರ್ತಿ ದುಡಿದುಕೊಂಡ ಮನುಷ್ಯ!

ಕ್ಯಾಮೆರಾ ಕಲ್ಲಪ್ಪ:
ಮದುವೆ ಫೋಟೋ ತೆಗೆಯುವವನು ನಾನು. ನನಗೆ ಇಷ್ಟವಾದದ್ದು ಡೇನಿಯಲ್ ಮಂದಿ ಕ್ಯಾಮೆರಾ ಅಬ್ಸ್ಕ್ಯೂರಾ ಬಳಸಿದ್ದು. ಕತ್ತಲೆ ಡಬ್ಬಿ, ಮುಂದೆ ಲೆನ್ಸು. ಎದುರಿನ ಗುಡಿ ಒಳಗಿನ ಕಾಗದದ ಮೇಲೆ ಬೀಳುತ್ತದೆ, ಅದರ ಮೇಲೆ ಪೆನ್ಸಿಲ್ ಓಡಿಸುವುದು. ಹಾಜಸ್‌ನ ಅಚ್ಚುಗಳನ್ನು ಜೊತೆಗೇ ಒಯ್ದು, ಅದೇ ಜಾಗದಲ್ಲಿ ನಿಂತು, ಅಲ್ಲಿ ತಪ್ಪು ಇಲ್ಲಿ ತಪ್ಪು ಅಂತ ಹುಡುಕುತ್ತಿದ್ದರಂತೆ. ನಾವೂ ಬೇರೆ ಸ್ಟುಡಿಯೋದವರ ಆಲ್ಬಂ ನೋಡಿ ಇದನ್ನೇ ಮಾಡುತ್ತೇವೆ.

ಆದರೆ ಗೆರೆ ಸರಿಯಾದರೆ ಚಿತ್ರ ನಿಜ ಅಂತ ಅಲ್ಲ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನ ಬಿಸಿಲು ಬೇಕು ಅನ್ನುವುದು ಡಬ್ಬಿಗೆ ಗೊತ್ತಿಲ್ಲ. ನಮ್ಮ ಮೇ ತಿಂಗಳ ಮಧ್ಯಾಹ್ನ ಯಾರಾದರೂ ಬರೆದಿದ್ದಾರಾ? ಎಲ್ಲ ಚಿತ್ರದಲ್ಲೂ ಹೊಂಬಣ್ಣದ ಸಂಜೆ. ಕಲಬುರಗಿ ಬಿಸಿಲು ಬರೆದಿದ್ದರೆ ಕಾಗದಕ್ಕೆ ಬೆಂಕಿ ಹತ್ತುತ್ತಿತ್ತು.

ಶಹಾಬಾದ್ ಕಲ್ಲು:
ಇನ್ನೊಂದು ಗಮನಿಸಿ. ಈ ಚಿತ್ರಗಳಲ್ಲಿ ಗರ್ಭಗುಡಿ ಇರುವುದಿಲ್ಲ. ಪೂಜೆ ನಡೆಯುವ ಗುಡಿಯ ಒಳಗೆ ಇವರನ್ನು ಬಿಡುತ್ತಿರಲಿಲ್ಲ. ಅದಕ್ಕೇ ಕೆರೆಯ ಆಚೆ ದಂಡೆಯಿಂದ, ಗೋಪುರದ ಹೊರಗಿಂದ ಬರೆದರು. ಎಲ್ಲೋರಾ, ಎಲಿಫೆಂಟಾ, ಮಹಾಬಲಿಪುರದ ಕಲ್ಲು ಕೊರೆದ ಗುಡಿಗಳಿಗೆ ಜಾಸ್ತಿ ಮುಗಿಬಿದ್ದದ್ದಕ್ಕೆ ಇದೂ ಒಂದು ಕಾರಣ ಇರಬೇಕು. ಅಲ್ಲಿ ತಡೆಯುವ ಪೂಜಾರಿ ಇಲ್ಲ.

ಸನ್ನತಿಯದೇ ತೆಗೆದುಕೊಳ್ಳಿ. 1980ರ ದಶಕದಲ್ಲಿ ಅಲ್ಲಿಯ ಕಾಳಿ ಗುಡಿಯ ಚಾವಣಿ ಬಿದ್ದ ಮೇಲೆ ತಾನೇ, ಮೂರ್ತಿಯ ಪೀಠದ ಕಲ್ಲು ಅಶೋಕನ ಶಾಸನ ಅಂತ ಗೊತ್ತಾದದ್ದು? ಡೇನಿಯಲ್ ಬಂದು ಆಚೆ ದಂಡೆಯಲ್ಲಿ ಡಬ್ಬಿ ಇಟ್ಟು ಕೂತಿದ್ದರೂ ಅವನಿಗೆ ಅದು ಕಾಣುತ್ತಿರಲಿಲ್ಲ.

ಬಿದ್ರಿ ಹೂಜಿ:
ಎಲ್ಲೋರಾ ಹೆಸರು ಬಂತಲ್ಲ, ಅಲ್ಲಿ ಒಬ್ಬ ನಮ್ಮವನಿದ್ದ. ಗಂಗಾರಾಮ್ ತಾಂಬಟ್, ಪುಣೆಯವನು. ಜೇಮ್ಸ್ ವೇಲ್ಸ್ ಎಂಬ ಸ್ಕಾಟ್ಲೆಂಡಿನವನ ಜೊತೆ ಕೆಲಸ ಮಾಡಿದ, ಎಲ್ಲೋರಾ ಗುಹೆಗಳನ್ನು ಬರೆದ. ವೇಲ್ಸ್ 1795ರಲ್ಲಿ ತೀರಿಕೊಂಡ. ಅವನ ಎಲ್ಲೋರಾ ಚಿತ್ರಗಳನ್ನು 1803ರಲ್ಲಿ ಅಚ್ಚಿಗೆ ತಂದವರು ಮತ್ತೆ ಡೇನಿಯಲ್‌ಗಳೇ. ಗಂಗಾರಾಮನ ಹೆಸರು ಎಷ್ಟು ಜನಕ್ಕೆ ಗೊತ್ತು? ಮೆಕೆಂಜಿಗೂ ಕಾವಲಿ ವೆಂಕಟ ಬೋರಯ್ಯನಂಥ ಇಲ್ಲಿಯ ಸಹಾಯಕರು ಇರದಿದ್ದರೆ ಒಂದು ಶಾಸನವೂ ಅರ್ಥವಾಗುತ್ತಿರಲಿಲ್ಲ. ಊರವರ ಹೆಸರು ಅಡಿಟಿಪ್ಪಣಿಯಲ್ಲಿ, ಸಾಹೇಬನ ಹೆಸರು ಮುಖಪುಟದಲ್ಲಿ.

ಸುರಪುರದವ:
ಈ ಮಾತಿಗೆ ನನ್ನದು ಎರಡು ಕೈ. ನಮ್ಮ ಸುರಪುರದಲ್ಲೇ ಚಿತ್ರಕಾರರ ಮನೆತನಗಳಿದ್ದವು. ಬಂಗಾರದ ರೇಕು ಹಚ್ಚಿ, ಕೂದಲೆಳೆ ಗೆರೆಯಲ್ಲಿ ದೇವರು, ರಾಜರನ್ನು ಬರೆಯುತ್ತಿದ್ದರು. ಅವರು ಗುಡಿಯನ್ನು ಹೊರಗಿಂದ ಬರೆಯಲು ಕೂರಲಿಲ್ಲ. ಅವರಿಗೆ ಬೇಕಾದದ್ದು ಒಳಗಿರುವವನು.

ಜೋಳದರೊಟ್ಟಿ:
ಚಿತ್ರಕಾರರ ಮಾತು ಬಂದರೆ ನಮ್ಮ ಎಸ್.ಎಂ. ಪಂಡಿತ್ ಬಿಡುವುದು ಹೇಗೆ? ಕಲಬುರಗಿಯವರು, ಹುಟ್ಟಿದ್ದು 1916. ಅವರ ಕ್ಯಾಲೆಂಡರ್ ದೇವರು ಇಲ್ಲದ ಕಿರಾಣಿ ಅಂಗಡಿ ನಮ್ಮ ಅಪ್ಪನ ಕಾಲದಲ್ಲಿ ಇರಲಿಲ್ಲ. ನಮ್ಮ ಮನೆಯಲ್ಲಿ ವರ್ಷ ಮುಗಿದರೂ ತಾರೀಖಿನ ಭಾಗ ಹರಿದು ಚಿತ್ರ ಇಟ್ಟುಕೊಳ್ಳುತ್ತಿದ್ದರು.

ಕರಿಕೋಟು:
ವಿಷಯಕ್ಕೆ ಬನ್ನಿ ಮಹಾರಾಯ್ರೇ. ಕ್ಯಾಲೆಂಡರಿಗೂ ಡೇನಿಯಲ್‌ಗೂ ಏನು ಸಂಬಂಧ?

ಜೋಳದರೊಟ್ಟಿ:
ಭೀಮಾತೀರ ಅವರ ಅವ್ವನಿಗೆ ಎರಡೂ ಒಂದೇ ಅಲ್ವಾ? ಗಾಜು, ಚೌಕಟ್ಟು, ಕುಂಕುಮ.

ಹಳೆ ಹೊಲ:
ಹೆಸರು ಹೇಳುವುದಿಲ್ಲ, ನಮ್ಮೂರಿನ ಕಲ್ಲುಗುಡಿ ಕಥೆ ಕೇಳಿ. ಜೀರ್ಣೋದ್ಧಾರ ಅಂತ ಕಂಬಕ್ಕೆಲ್ಲ ಆಯಿಲ್ ಪೇಂಟ್ ಬಳಿದರು, ಹಳದಿ ಮತ್ತು ಗುಲಾಬಿ. ಗೋಡೆಯ ಸಣ್ಣ ಮೂರ್ತಿಗಳ ಮೇಲೆ ಟೈಲ್ಸ್ ಬಂತು. ಈಗ ಮೊದಲು ಹೇಗಿತ್ತು ಅಂತ ಮಕ್ಕಳಿಗೆ ತೋರಿಸಲು ಒಂದು ಫೋಟೋ ಇಲ್ಲ. ಯಾವನೋ ಸಾಹೇಬ ಕಂಪನಿ ನೌಕರನಾಗಿಯೇ ಬಂದು ಒಂದು ಗೀಚು ಗೀಚಿ ಹೋಗಿದ್ದರೆ ನಾನು ಅವನಿಗೆ ಋಣಿ. ಹಂಪಿಯವರಿಗೆ ಗ್ರೀನ್‌ಲಾ ಎಂಬವನು 1856ರಲ್ಲಿ ತೆಗೆದ ಫೋಟೋಗಳಿವೆ. ಇಟ್ಟು ಹೋಲಿಸಿ ನೋಡಬಹುದು. ನಮಗೆ ಏನಿದೆ?

ಆಳಂದ ಮೇಷ್ಟ್ರು:
ಬೀದರ್ ಕಡೆಗೆ ಸ್ವಲ್ಪ ಇದೆ. ಜೇಮ್ಸ್ ಬರ್ಜೆಸ್ 1875-76ರಲ್ಲಿ ಬೀದರ್, ಔರಂಗಾಬಾದ್ ಜಿಲ್ಲೆಗಳ ಹಳೆ ಕಟ್ಟಡಗಳ ಸರ್ವೆ ಮಾಡಿದ. ವರದಿ 1878ರಲ್ಲಿ ಬಂತು. ಅದರಲ್ಲಿ ಸಂಜೆ ಬಿಸಿಲೂ ಇಲ್ಲ, ಬಾಗಿದ ಮರವೂ ಇಲ್ಲ. ಅಳತೆ, ನಕ್ಷೆ, ಶಾಸನ. ಆಮೇಲೆ 1914ರಲ್ಲಿ ನಿಜಾಮನ ಸರ್ಕಾರ ತನ್ನದೇ ಪುರಾತತ್ವ ಇಲಾಖೆ ತೆರೆಯಿತು, ಗುಲಾಮ್ ಯಜ್ದಾನಿ ಅದರ ಮುಖ್ಯಸ್ಥರು. ಬೀದರಿನ ಬಗ್ಗೆ ಅವರು 1947ರಲ್ಲಿ ತಂದ ಪುಸ್ತಕಕ್ಕೆ ಇವತ್ತಿಗೂ ಸಾಟಿಯಿಲ್ಲ.

ಕರಿಕೋಟು:
ಹಳೆ ಹೊಲ ಅವರ ಮಾತು ಸ್ವಲ್ಪ ತಾಗಿತು. ನಮ್ಮ ಓಣಿಯ ಗುಡಿಗೂ ಟೈಲ್ಸ್ ಹಾಕಿದ್ದಾರೆ. ನಾನೇ ಸಾವಿರದ ಒಂದು ವಂತಿಗೆ ಕೊಟ್ಟಿದ್ದೆ.

ಭೀಮಾತೀರ:
ಫ್ರೇಮ್ ಬಿಚ್ಚಿದೆವು! ಅವ್ವ ಸಂತೆಗೆ ಹೋದಾಗ. ಹಿಂದೆ ರಟ್ಟಿನ ಬದಲು ಹಳೆ ಉರ್ದು ಪೇಪರ್ ಮಡಚಿ ತುರುಕಿದ್ದರು, ಮುಟ್ಟಿದರೆ ಹಪ್ಪಳದ ಹಾಗೆ ಪುಡಿ. ಚಿತ್ರದ ಎಡಗಡೆ ಅಂಚು ಕಿತ್ತ ಹಾಗಿದೆ, ಪುಸ್ತಕದ ಹಾಳೆಯೇ ಅನಿಸುತ್ತದೆ. ಕೆಳಗೆ ಎಡಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರ: ಡಬ್ಲ್ಯೂ. ಡೇನಿಯಲ್, ಆರ್.ಎ. ಬಲಮೂಲೆಯಲ್ಲಿ ಇನ್ನೊಂದು ಹೆಸರಿತ್ತು, ಹುಳ ತಿಂದಿದೆ. ಗೋಪುರದ ಕೆಂಪು ಬಣ್ಣ ಗೆರೆ ದಾಟಿ ಅಕ್ಷರದ ಮೇಲೂ ಬಂದಿದೆ. ಪರಪ್ಪ ಅವರು ಹೇಳಿದ ಹಾಗೆಯೇ.

ಊರಿನ ಹೆಸರು ಇರಬೇಕಾದ ಕೆಳಗಿನ ಪಟ್ಟಿಯನ್ನೇ ಫ್ರೇಮಿನವನು ಕತ್ತರಿಸಿಬಿಟ್ಟಿದ್ದಾನೆ. ಅಳತೆಗೆ ಕೂರಲಿ ಅಂತ.

ಪ್ರೆಸ್ಸಿನ ಪರಪ್ಪ:
ಆರ್.ಎ. ಅಂದರೆ ಲಂಡನ್ನಿನ ರಾಯಲ್ ಅಕಾಡೆಮಿ ಸದಸ್ಯ. ವಿಲಿಯಂಗೆ ಅದು ಸಿಕ್ಕಿದ್ದು 1822ರಲ್ಲಿ. ಹಾಗಾಗಿ ಅಚ್ಚು ಅದರ ನಂತರದ್ದೇ. ಲೆಕ್ಕ ಸರಿಹೋಯಿತು.

ಶಹಾಬಾದ್ ಕಲ್ಲು:
ಹೆಸರು ಕತ್ತರಿಸಿದ್ದರಿಂದಲೇ ಅಜ್ಜನಿಗೆ ಅದು ಸನ್ನತಿ ಆಯಿತು ನೋಡಿ. ಇದ್ದಿದ್ದರೆ ಕೊಳ್ಳುತ್ತಲೇ ಇರಲಿಲ್ಲವೇನೋ.

ಬಿದ್ರಿ ಹೂಜಿ:
ಅವ್ವನಿಗೆ ಹೇಳಿದಿರಾ?

ಭೀಮಾತೀರ:
ಹೇಳಿದೆ ಅಕ್ಕಾ. ಇದು ತಮಿಳುನಾಡು ಕಡೆಯ ಗುಡಿ, ಬರೆದವನು ಇಂಗ್ಲಿಷಿನವನು, ಪುಸ್ತಕದ ಹಾಳೆ, ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. "ಗುಡಿ ಹೌದಲ್ಲ?" ಅಂದಳು. ಹೌದು ಅಂದೆ. "ಮತ್ತೆ ಗೋಡೆ ಯಾಕೆ ಬೋಳು ಬಿಟ್ಟೀರಿ? ಎರಡು ದಿನ ಆಯ್ತು" ಅಂತ ಬೈದಳು.

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಳ್ಳೆ ಫ್ರೇಮ್ ಹಾಕುವವರು ಯಾರಾದರೂ ಇದ್ದಾರಾ? ಈ ಸಲ ಕತ್ತರಿಸದೆ ಹಾಕುವವರು ಬೇಕು.

ಪ್ರೆಸ್ಸಿನ ಪರಪ್ಪ:
ಕತ್ತರಿ ಮುಟ್ಟಬೇಡ ಅಂತ ಎದುರಿಗೆ ನಿಂತು ಹೇಳಿ ಮಾಡಿಸಿ. ಹಿಂದೆ ಪೇಪರ್ ತುರುಕಲು ಬಿಡಬೇಡಿ, ಆಸಿಡ್ ಇಲ್ಲದ ರಟ್ಟು ಕೇಳಿ. ಗಾಜಿಗೂ ಚಿತ್ರಕ್ಕೂ ನಡುವೆ ಸ್ವಲ್ಪ ಜಾಗ ಇರಲಿ, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ. ಹಳೆ ಗಾಜು ಬದಲಿಸಿದರೆ ಒಳ್ಳೆಯದು.

ಭೀಮಾತೀರ:
ಗಾಜು ಬದಲಿಸಬಾರದಂತೆ. ನಲವತ್ತು ವರ್ಷದ ಕುಂಕುಮದ ಗುರುತು ಅದರ ಮೇಲಿದೆ ಅಂತ ಅವ್ವನ ಆರ್ಡರ್.